ಉಪ್ಪು ಇಳಿಸಿದ ಉಪ್ಪಿನಕಾಯಿ, ಉಬ್ಬಿದ ಮುಚ್ಚಳ

ಪ್ರಶ್ನೆ: ಡಾಕ್ಟ್ರೇ, ನಾವು ಉಡುಪಿ ಕಡೆಯವರು, ಮಟ್ಟಾಂಚೇರಿಯಲ್ಲಿ ನೆಲೆಸಿದ್ದೇವೆ. ಕ್ಯಾರೆಟ್, ಬೀನ್ಸ್, ಹೂಕೋಸು, ಬೆಳ್ಳುಳ್ಳಿ ಸೇರಿಸಿ ಉಪ್ಪಿನಕಾಯಿ ಹಾಕುತ್ತೇನೆ. ಯಜಮಾನರಿಗೆ ಬಿಪಿ ಇರುವುದರಿಂದ ಉಪ್ಪು ಅರ್ಧಕ್ಕರ್ಧ ಇಳಿಸಿದೆ. ಕೆಡದಿರಲಿ ಎಂದು ಬಾಟಲಿಗೆ ತುಂಬಿ, ನೀರಿನಲ್ಲಿ ಅರ್ಧ ಗಂಟೆ ಕುದಿಸಿ ಮುಚ್ಚಳ ಬಿಗಿ ಮಾಡುತ್ತೇನೆ. ಮೊನ್ನೆ ಒಂದರ ಮುಚ್ಚಳ ಉಬ್ಬಿತ್ತು. ಮತ್ತೆ ಕುದಿಸಿ ತಿನ್ನಬಹುದೇ? ದುಬೈನಲ್ಲಿರುವ ಮಗಳಿಗೂ ಎರಡು ಬಾಟಲಿ ಕಳಿಸಿದ್ದೇನೆ.
– ಗೃಹಿಣಿ, ಮಟ್ಟಾಂಚೇರಿ

ಉತ್ತರ: ತಿನ್ನಬೇಡಿ ಅಮ್ಮಾ. ಮಗಳಿಗೆ ಇವತ್ತೇ ಫೋನ್ ಮಾಡಿ, ಮುಟ್ಟಬೇಡ ಎನ್ನಿ. ಉಬ್ಬಿದ ಬಾಟಲಿಯನ್ನು ತೆರೆಯಬೇಡಿ, ರುಚಿಯನ್ನೂ ನೋಡಬೇಡಿ. ಎರಡು ಚೀಲದಲ್ಲಿ ಕಟ್ಟಿ, ಬೆಕ್ಕು ನಾಯಿಗೆ ಸಿಗದಂತೆ ಎಸೆಯಿರಿ. ಅದರ ಜೊತೆ ತುಂಬಿದ ಉಳಿದವನ್ನೂ ಇಟ್ಟುಕೊಳ್ಳಬೇಡಿ. ಅಷ್ಟು ಹೆಚ್ಚಿ, ಒಣಗಿಸಿ, ಮಸಾಲೆ ಹುರಿದು ಮಾಡಿದ್ದನ್ನು ಚೆಲ್ಲುವುದು ಎಷ್ಟು ಸಂಕಟವೆಂದು ಬಲ್ಲೆ.

ಭಯ ಇರುವುದು ಕ್ಲಾಸ್ಟ್ರಿಡಿಯಮ್ ಬೊಟುಲಿನಮ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ್ದು. ಅದರ ಬೀಜಾಣು ನೀರು ಕುದಿಯುವ 100 ಡಿಗ್ರಿಗೆ ಸಾಯದು, ಪ್ರೆಷರ್‌ನಲ್ಲಿ 121 ಡಿಗ್ರಿ ಮುಟ್ಟಬೇಕು. ಅರ್ಧ ಗಂಟೆ ಕುದಿಸಿದರೆ ಬೇರೆ ಕ್ರಿಮಿ ಸಾಯುತ್ತವೆ, ಬಿಗಿದ ಮುಚ್ಚಳ ಗಾಳಿಯನ್ನು ತಡೆಯುತ್ತದೆ. ಗಾಳಿಯಿಲ್ಲದ ಜಾಗವೇ ಇದಕ್ಕೆ ಹಿತ. ಮೇಲೆ ಎಣ್ಣೆ ನಿಲ್ಲಿಸಿದರೆ ಬೂಸ್ಟು ಬಾರದು, ಆದರೆ ಒಳಗೆ ಗಾಳಿಯೂ ಹೋಗದು. ವಿಷ ಹುಟ್ಟಿದರೂ ಎಷ್ಟೋ ಸಲ ಬಣ್ಣ, ವಾಸನೆ ಏನೂ ಬದಲಾಗುವುದಿಲ್ಲ. ಚೆನ್ನಾಗಿ ಕುದಿಸಿದರೆ ಆ ವಿಷ ಅಳಿಯುತ್ತದೆ, ನಿಜ. ಆದರೆ ತೆರೆಯುವಾಗ ಸಿಡಿದ ಹನಿ, ಚಮಚಕ್ಕೆ ಅಂಟಿದ ಚೂರು ಸಾಕು ಅಪಾಯಕ್ಕೆ.

ಅಜ್ಜಿಯಂದಿರ ಭರಣಿಯನ್ನು ಕಾದದ್ದು ಉಪ್ಪು ಮತ್ತು ಹುಳಿ. ಮಾವಿನಮಿಡಿ, ನಿಂಬೆಯಲ್ಲಿ ಹುಳಿ ತಾನಾಗಿಯೇ ಇದೆ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಈ ಬ್ಯಾಕ್ಟೀರಿಯಾ ಬೆಳೆಯದು. ಕ್ಯಾರೆಟ್, ಬೀನ್ಸ್, ಬೆಳ್ಳುಳ್ಳಿಯಲ್ಲಿ ಆ ಹುಳಿ ಇಲ್ಲ. ನೀವು ಉಪ್ಪನ್ನೂ ಇಳಿಸಿದಿರಿ, ಕಾವಲೇ ಹೋಯಿತು. ಉಪ್ಪನ್ನೇ ನಂಬಿದ ಉಪ್ಪಿನಕಾಯಿಗೆ ನಮ್ಮ ಆಹಾರ ಕಾನೂನು ಕೇಳುವುದು ಕನಿಷ್ಠ ಶೇ 12 ಉಪ್ಪು.

ಹಾಗಾದರೆ ಬಿಪಿಗೆ? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಅಂಥ ಖಡಕ್ ಉಪ್ಪಿನಕಾಯಿ 10 ಗ್ರಾಂ ಬಡಿಸಿಕೊಂಡರೆ ಅದರಲ್ಲೇ 1.2 ಗ್ರಾಂ ಹೋಯಿತು. ಯಜಮಾನರಿಗೆ ಬೇರೆಯೇ ಮಾಡಿ. ಸ್ವಲ್ಪ ತರಕಾರಿ, ಕಡಿಮೆ ಉಪ್ಪು, ಬೇಕಾದಷ್ಟು ನಿಂಬೆರಸ, ನಿಮ್ಮ ಬಜಾರಿನ ಒಳ್ಳೆಯ ಶುಂಠಿ, ಕಾಳುಮೆಣಸು. ಫ್ರಿಜ್‌ನಲ್ಲಿಟ್ಟು ವಾರದೊಳಗೆ ಮುಗಿಸಿ. ವಿನೆಗರ್ ಹಾಕುವುದಿದ್ದರೆ ಲೇಬಲ್ಲಿನಲ್ಲಿ ಆಮ್ಲ ಎಷ್ಟೆಂದು ಓದಿ, ನೀರು ಬೆರೆಸಬೇಡಿ.

ಈಗಾಗಲೇ ಯಾರಾದರೂ ತಿಂದಿದ್ದರೆ ಗಮನವಿಡಿ. ಸಾಮಾನ್ಯವಾಗಿ 12ರಿಂದ 36 ಗಂಟೆಯೊಳಗೆ, ಕೆಲವರಿಗೆ ಕೆಲವು ದಿನ ಕಳೆದು, ಕಣ್ಣ ರೆಪ್ಪೆ ಜೋಲುತ್ತದೆ, ಒಂದು ಎರಡಾಗಿ ಕಾಣುತ್ತದೆ, ಮಾತು ತೊದಲುತ್ತದೆ, ನುಂಗಲು ಕಷ್ಟವಾಗುತ್ತದೆ. ಜ್ವರ ಇರುವುದಿಲ್ಲ, ಎಚ್ಚರ ಇರುತ್ತದೆ, ಹಾಗಾಗಿ ಸುಸ್ತು ಎಂದುಕೊಂಡು ಮನೆಯಲ್ಲೇ ಉಳಿಯುತ್ತಾರೆ. ಉಳಿಯಬಾರದು. ಉಸಿರಾಟದ ಸ್ನಾಯುಗಳೂ ಸೋಲಬಹುದು, ಪ್ರತಿವಿಷ ಬೇಗ ಕೊಟ್ಟಷ್ಟೂ ಒಳ್ಳೆಯದು. ಎರ್ನಾಕುಳಂ ಕಡೆ ವೆಂಟಿಲೇಟರ್ ಇರುವ ದೊಡ್ಡ ಆಸ್ಪತ್ರೆಗೆ ನೇರ ಹೋಗಿ, ಏನು ತಿಂದಿರೆಂದು ಮೊದಲೇ ಹೇಳಿ.

ಮುಂದಿನ ಸಲ ದುಬೈಗೆ ನಿಂಬೆಯದ್ದೋ ಮಾವಿನದ್ದೋ ಕಳಿಸಿ, ಉಪ್ಪು ಪೂರ್ತಿ ಹಾಕಿ.