ಹಾಲಿನ ಸಂಘದಲ್ಲೊಂದು ಟಿ.ವಿ. : ಖೇಡಾ ಜಿಲ್ಲೆಯಿಂದ ಕಲಿಯಬೇಕಾದದ್ದು



ಟಿ.ವಿ. ಎಂದೊಡನೆ ಧಾರಾವಾಹಿ, ಕ್ರಿಕೆಟ್ ನೆನಪಾಗುವುದು ಸಹಜ. ಆದರೆ ಹಾಲು ಹಾಕುವವರ ಕಷ್ಟಸುಖವನ್ನು ಅವರ ಬಾಯಿಂದಲೇ ಹೇಳಿಸಿದ ಟಿ.ವಿ. ಕೇಂದ್ರವೊಂದು ನಮ್ಮ ದೇಶದಲ್ಲೇ ಇತ್ತು.

1975ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ಪಿಜ್ ಎಂಬ ಹಳ್ಳಿಯಲ್ಲಿ ಸಣ್ಣದೊಂದು ಪ್ರಸಾರ ಕೇಂದ್ರ ಆರಂಭವಾಯಿತು. ಅಮುಲ್ ಹುಟ್ಟಿದ ಆಣಂದ್ ಆಗ ಇದೇ ಜಿಲ್ಲೆಯಲ್ಲಿತ್ತು. ಹಲವು ಊರುಗಳಲ್ಲಿ ಸಾರ್ವಜನಿಕ ಟಿ.ವಿ.ಯನ್ನು ಹಾಲಿನ ಸಂಘದ ಕಟ್ಟಡದಲ್ಲೇ ಇಟ್ಟರು. ಅದೇ ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕಾರ್ಯಕ್ರಮ ಬರತೊಡಗಿತು. ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳೂ ಅದರಲ್ಲಿದ್ದವು. ಆ ಪ್ರಯೋಗ ಒಂದೇ ವರ್ಷಕ್ಕೆ ಮುಗಿಯಿತು. ಖೇಡಾದ್ದು ಮುಂದುವರಿಯಿತು.

ಖೇಡಾದ ವಿಶೇಷವೆಂದರೆ ಕಾರ್ಯಕ್ರಮ ಮಾಡುವವರು ಮೊದಲು ಹಳ್ಳಿಗೆ ಹೋಗಿ ಜನರ ಮಾತು ಕೇಳುತ್ತಿದ್ದರು. ಕೂಲಿ, ಅಸ್ಪೃಶ್ಯತೆ, ಹೆಣ್ಣುಮಕ್ಕಳ ಪಾಡು, ರಾಸುಗಳ ಆರೋಗ್ಯ ಎಲ್ಲವೂ ಬಂದವು. ಪಾತ್ರ ಮಾಡಿದವರಲ್ಲಿ ಹಳ್ಳಿಯವರೂ ಇದ್ದರು. 'ದಾದ್ ಫರಿಯಾದ್' ಎಂಬ ಕಾರ್ಯಕ್ರಮದಲ್ಲಂತೂ ರೈತರು ಕ್ಯಾಮೆರಾ ಮುಂದೆ ದೂರು ಹೇಳುವರು, ಸಂಬಂಧಪಟ್ಟ ಅಧಿಕಾರಿ ಉತ್ತರ ಕೊಡಬೇಕು. (ನಮ್ಮಂಥ ಅಧಿಕಾರಿಗಳಿಗೆ ಇದು ಅಷ್ಟೇನೂ ಹಿತವಲ್ಲ, ಆದರೆ ಬೇಕು.) ಈ ಯೋಜನೆಗೆ ಯುನೆಸ್ಕೊದ ಗ್ರಾಮೀಣ ಸಂವಹನ ಪ್ರಶಸ್ತಿ ಬಂತು. ಆದರೂ 1985ರಲ್ಲಿ ಪಿಜ್‌ನ ಪ್ರಸಾರ ಯಂತ್ರವನ್ನು ಮದರಾಸಿಗೆ ಸಾಗಿಸಿದರು.

1976ರ 'ಮಂಥನ್' ಚಿತ್ರವೂ ಈ ನೆಲದ ಕಥೆಯೇ. ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟು ಮಾಡಿಸಿದ ಚಿತ್ರ. ಶ್ಯಾಮ್ ಬೆನಗಲ್ ನಿರ್ದೇಶನ. ಪಶುವೈದ್ಯ ಡಾ. ರಾವ್ ಪಾತ್ರದಲ್ಲಿ ನಮ್ಮ ಗಿರೀಶ್ ಕಾರ್ನಾಡರು. ಸಂಘ ಕಟ್ಟುವಾಗ ಅಡ್ಡ ಬರುವ ಜಾತಿ, ದಲ್ಲಾಳಿ, ಊರ ರಾಜಕೀಯ ಯಾವುದನ್ನೂ ಅದು ಮುಚ್ಚಿಡುವುದಿಲ್ಲ. ಅದಕ್ಕೇ ರೈತರು ಅದನ್ನು ನಂಬಿದರು ಎಂದು ನನ್ನ ಭಾವನೆ.

ಇಂದು ಪ್ರಸಾರ ಯಂತ್ರ ಬೇಕಿಲ್ಲ, ಸದಸ್ಯರ ಮೊಬೈಲ್ ಫೋನೇ ಸಾಕು. ಆದರೆ ನಾವು ತೆಗೆಯುವ ಚಿತ್ರಗಳಲ್ಲಿ ಹಾರ, ಶಾಲು, ಭಾಷಣವೇ ಹೆಚ್ಚು. ಅದರ ಬದಲು ಕೆಚ್ಚಲು ಬಾವು ಬಂದ ಒಂದು ಹಸುವಿನ ಸಂಗತಿಯನ್ನು ಚಿತ್ರಿಸಿ ನೋಡಿ. ಮಾತನಾಡಬೇಕಾದವರು ಮನೆ ಯಜಮಾನರಲ್ಲ, ದಿನವೂ ಕೆಚ್ಚಲು ಮುಟ್ಟುವ ಹೆಣ್ಣುಮಗಳು. ಹಾಲು ಗರಣೆಗಟ್ಟಿದ್ದು ಎಂದು ಕಂಡಿತು, ವೈದ್ಯರನ್ನು ಎಷ್ಟು ದಿನ ಬಿಟ್ಟು ಕರೆದರು, ಬಾವು ಬರುವ ಮೊದಲು ಎಷ್ಟು ಲೀಟರ್ ಇತ್ತು, ಆಮೇಲೆ ಎಷ್ಟಾಯಿತು, ಯಾವ ಮೊಲೆ ಬತ್ತಿತು ಎಂಬುದನ್ನು ಆಕೆಯೇ ಹೇಳಲಿ. ಲೀಟರ್ ಲೆಕ್ಕವನ್ನು ಸಂಘದ ಪಾಸ್ ಪುಸ್ತಕದೊಂದಿಗೆ ತಾಳೆ ನೋಡಿ. ಕೊಟ್ಟಿಗೆಯ ನೆಲ ಹೇಗಿತ್ತೋ ಹಾಗೆಯೇ ಕಾಣಲಿ, ಚಿತ್ರಕ್ಕಾಗಿ ತೊಳೆಯಬೇಡಿ.

ಒಂದು ಪ್ರಶ್ನೆಯನ್ನು ಮಾತ್ರ ಬಿಡಬಾರದು: ಇಂಜೆಕ್ಷನ್ ಕೊಟ್ಟ ದಿನಗಳ ಹಾಲನ್ನು ಏನು ಮಾಡಿದಿರಿ? ವೈದ್ಯರು ಹೇಳಿದ ಅವಧಿ ಮುಗಿಯುವ ತನಕ ಆ ಹಾಲು ಸಂಘದ ಕ್ಯಾನಿಗೆ ಬರಕೂಡದು. ಬಟವಾಡೆ ಕಡಿಮೆಯಾಗುವ ಭಯದಿಂದ ಕೆಲವರು ತಂದು ಹಾಕುವುದುಂಟು. ಇಂಥದ್ದನ್ನು ಒಪ್ಪಿಕೊಂಡವರ ಹೆಸರು, ಮುಖ ತೋರಿಸುವ ಅಗತ್ಯವಿಲ್ಲ, ದನಿ ಸಾಕು. ಯಾರದೇ ಚಿತ್ರವಾಗಲಿ, ಮೊದಲು ಅವರಿಗೇ ತೋರಿಸಿ ಒಪ್ಪಿಗೆ ಪಡೆಯಿರಿ. ಬೇಡವೆಂದರೆ ಅಳಿಸಿಬಿಡಿ.

ಹತ್ತು ನಿಮಿಷಕ್ಕಿಂತ ಉದ್ದ ಬೇಡ. ವಾರ್ಷಿಕ ಸರ್ವ ಸದಸ್ಯರ ಸಭೆಯಲ್ಲಿ ಲೆಕ್ಕಪತ್ರ ಓದುವ ಮೊದಲೇ ತೋರಿಸಿ, ಆಗ ಜನ ಇರುತ್ತಾರೆ. ಪಶುವೈದ್ಯರನ್ನೂ ಕೂರಿಸಿಕೊಳ್ಳಿ, ಚಿತ್ರ ಮುಗಿದೊಡನೆ ಪ್ರಶ್ನೆಗಳು ಬರುತ್ತವೆ.