ಬ್ಯಾಗು ಹೋದರೆ ಹೋಗಲಿ ಎನ್ನುವ ಮಗಳಿಗೆ

ನಂತೂರು, ಮಂಗಳೂರು



ರೈಲಿನಲ್ಲಿ ನಿನ್ನ ಬ್ಯಾಗು ಹೋದದ್ದು ತಿಳಿಯಿತು. ದೂರು ಕೊಡದೆ ವಾಟ್ಸಾಪ್‌ನಲ್ಲಿ ಸ್ಟೇಟಸ್ ಹಾಕಿ ಸುಮ್ಮನಾಗಿದ್ದೀ ಎಂಬುದೂ ತಿಳಿಯಿತು. ಬೇಸರ ಹೆಚ್ಚಾದದ್ದು ಎರಡನೆಯದಕ್ಕೆ. ದೂರು ಕೊಡುವುದು ಬಿಡುವುದು ನಿನಗೆ ಸೇರಿದ್ದು, ಎರಡೂ ಕಡೆಯದನ್ನು ತೂಗಿಯೇ ಬರೆಯುತ್ತೇನೆ. ಆದರೆ ಮಾರ್ಕ್ಸ್‌ಕಾರ್ಡಿನ ಅಸಲುಗಳನ್ನು ಬ್ಯಾಗಿನಲ್ಲಿ ತುಂಬಿಕೊಂಡು ಹೊರಟವಳು ‘ಹೋದರೆ ಹೋಗಲಿ’ ಎಂದರೆ ಅದಕ್ಕೆ ವೈರಾಗ್ಯ ಎನ್ನುವುದಿಲ್ಲ, ಉದಾಸೀನ ಎನ್ನುತ್ತಾರೆ.

ಹಿಂದಿನವರು ಸಾಮಾನಿನ ವಿಷಯದಲ್ಲಿ ಹೀಗಿರಲಿಲ್ಲ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. 1979ರಲ್ಲಿ ಹಾಸನದ ಘಾಟಿ ದಾರಿ ತೆರೆಯುವವರೆಗೂ ಇಲ್ಲಿಯವರಿಗೆ ರೈಲೆಂದರೆ ಕೇರಳ ಹಾದು ಮದ್ರಾಸಿನ ಕಡೆಗೆ ಹೋಗುವ ದಾರಿ. ಆ ಕಾಲದ ತಗಡಿನ ಟ್ರಂಕುಗಳ ಮೇಲೆ ಬಿಳಿ ಪೇಂಟಿನಲ್ಲಿ ಹೆಸರು, ಊರು ಬರೆಸುತ್ತಿದ್ದರು. ಹೋಲ್ಡಾಲಿನ ಕ್ಯಾನ್ವಾಸಿಗೂ ಅದೇ ಮರ್ಯಾದೆ. ಮುಚ್ಚಳದ ಒಳಬದಿಗೆ ವಿಳಾಸದ ಚೀಟಿ ಅಂಟಿಸುವವರೂ ಇದ್ದರು. ನಿಮ್ಮ ಕಾಲದವರಿಗೆ ಅದು ನಗೆಯ ವಿಷಯ. ಆದರೆ ಆ ಟ್ರಂಕು ಎಲ್ಲಿ ಬಿದ್ದಿದ್ದರೂ ತಾನು ಯಾರದೆಂದು ತಾನೇ ಹೇಳುತ್ತಿತ್ತು. ಇಂದಿನ ಟ್ರಾಲಿ ಬ್ಯಾಗುಗಳೆಲ್ಲ ಕಪ್ಪು, ಇಲ್ಲವೇ ಕಡುನೀಲಿ. ಬೆಳಗಿನ ಜಾವ ನಿದ್ದೆಗಣ್ಣಿನಲ್ಲಿ ಇಳಿಯುವವರು ಪಕ್ಕದವರದನ್ನು ಎಳೆದುಕೊಂಡು ಹೋದರೆ ಆಶ್ಚರ್ಯವೇನು? ಮನೆಗೆ ಹೋಗಿ ಜಿಪ್ ಎಳೆದ ಮೇಲೆ ವಾಪಸು ಕೊಡೋಣವೆಂದರೂ ಅದರ ಮೇಲೆ ಹೆಸರಿಲ್ಲ, ಫೋನ್ ನಂಬರಿಲ್ಲ. ಹೆಸರಿಲ್ಲದ ಬ್ಯಾಗಿಗೆ ಉಳಿದಿರುವ ಒಂದೇ ಗುರುತು ನೀನು ಕೊಡುವ ದೂರು. ಅದನ್ನೂ ನೀನು ಕೊಡಲಿಲ್ಲ.

ದೂರು ಎಲ್ಲಿ ಕೊಡುವುದು ಎಂಬ ಗೊಂದಲ ನಮ್ಮ ಊರಿನಲ್ಲಿ ನಿಜಕ್ಕೂ ಇದೆ, ಒಪ್ಪುತ್ತೇನೆ. ಮಂಗಳೂರು ಸೆಂಟ್ರಲ್, ಜಂಕ್ಷನ್ ಎರಡೂ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿವೆ. ಸುಬ್ರಹ್ಮಣ್ಯ ರೋಡಿನ ದಿಕ್ಕಿಗೆ ಹೋದರೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗ. ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆ. ಬೆಂಗಳೂರಿನಿಂದ ಬಂದ ಕಣ್ಣೂರು ರೈಲಿನಲ್ಲಿ ಬ್ಯಾಗು ಮರೆತು ಇಲ್ಲಿ ಇಳಿದೆಯೆನ್ನು: ಅದು ನೇತ್ರಾವತಿ ಸೇತುವೆ ದಾಟಿ, ಉಳ್ಳಾಲ ಹಾದು, ಮಂಜೇಶ್ವರ ಮುಟ್ಟುವ ಹೊತ್ತಿಗೆ ರಾಜ್ಯವೇ ಬದಲಾಗಿರುತ್ತದೆ, ಪೊಲೀಸರೂ ಬದಲಾಗಿರುತ್ತಾರೆ. ಇಂಥ ತೊಡಕಿಗೇ ರೈಲ್ವೆಯ ಸಹಾಯವಾಣಿ 139 ಇರುವುದು. ಪಿಎನ್‌ಆರ್, ಕೋಚ್, ಬರ್ತ್ ಹೇಳಿದರೆ ಮುಂದಿನ ನಿಲ್ದಾಣದ ರೈಲ್ವೆ ಸುರಕ್ಷಾ ಪಡೆಗೆ ಸುದ್ದಿ ಮುಟ್ಟಿಸುತ್ತಾರೆ. ರೈಲ್‌ಮದದ್ ಆ್ಯಪ್‌ನಲ್ಲೂ ಬರೆಯಬಹುದು. ಮರೆತುಹೋದ ಸಾಮಾನು ಹುಡುಕಿ ವಾರಸುದಾರರಿಗೆ ಒಪ್ಪಿಸಲೆಂದೇ ಆ ಪಡೆ ‘ಆಪರೇಷನ್ ಅಮಾನತ್’ ನಡೆಸುತ್ತಿದೆ. ಕಳವೇ ಆಗಿದ್ದರೆ ಎಫ್‌ಐಆರ್ ಫಾರಂ ಟಿಟಿಇ ಬಳಿಯೇ ಸಿಗುತ್ತದೆ, ಪ್ರಯಾಣ ಮುರಿಯಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಕೃತ್ಯ ಎಲ್ಲಿ ನಡೆದಿದ್ದರೂ ಠಾಣೆಯವರು ದೂರು ಬರೆದುಕೊಳ್ಳಬೇಕು. ‘ನಮ್ಮ ಸರಹದ್ದಲ್ಲ’ ಎಂದು ಯಾರಾದರೂ ಹೇಳಿದರೆ ಎದ್ದು ಬರಬೇಡ.

‘ಪೊಲೀಸರು ಎಲ್ಲಿ ಹುಡುಕುತ್ತಾರೆ’ ಎನ್ನುವೆ. ಕೆಲವೊಮ್ಮೆ ಹುಡುಕುವುದಿಲ್ಲ, ನಿಜ. ಆದರೆ ಸಿಕ್ಕ ಬ್ಯಾಗನ್ನು ಯಾರಿಗೆ ಒಪ್ಪಿಸಬೇಕು ಎಂದು ಅವರಿಗೆ ತಿಳಿಯುವುದು ದೂರಿನಿಂದಲೇ. ‘ಕಪ್ಪು ಬ್ಯಾಗು’ ಎಂದಷ್ಟೇ ಬರೆದರೆ ಬರೆಯದಂತೆಯೇ. ಹಿಡಿಯ ಹತ್ತಿರದ ಗೀರು, ಪಕ್ಕದ ಜಿಪ್ಪಿನಲ್ಲಿದ್ದ ಚಾರ್ಜರು, ಮಾರ್ಕ್ಸ್‌ಕಾರ್ಡಿನ ನೋಂದಣಿ ಸಂಖ್ಯೆ, ಇವನ್ನು ಬರೆ. ‘ರೈಲ್ವೆಯೇ ಪರಿಹಾರ ಕೊಡಲಿ’ ಎಂಬ ನಿನ್ನ ಗೆಳೆಯರ ವಾದ ಕೇಳಲು ಚೆಂದ, ಕಾನೂನಿನ ಮುಂದೆ ನಿಲ್ಲುವುದು ಕಷ್ಟ. 1989ರ ರೈಲ್ವೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ಬುಕ್ ಮಾಡಿ ರಸೀದಿ ಪಡೆಯದೆ ನೀನೇ ಜೊತೆಗಿಟ್ಟುಕೊಂಡ ಸಾಮಾನು ಹೋದರೆ, ಸಿಬ್ಬಂದಿಯ ನಿರ್ಲಕ್ಷ್ಯ ಸಾಬೀತಾಗಬೇಕು. ಪ್ರಯಾಣಿಕನ ಸೊಂಟದ ಬೆಲ್ಟಿನಲ್ಲಿದ್ದ ಒಂದು ಲಕ್ಷ ರೂಪಾಯಿ ಕಳವಾದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2023ರ ಜೂನ್‌ನಲ್ಲಿ ಅದನ್ನು ರೈಲ್ವೆಯ ಸೇವಾ ನ್ಯೂನತೆ ಎನ್ನಲಾಗದು ಎಂದೇ ತೀರ್ಪು ಕೊಟ್ಟಿತು. ನನಗೆ ಈ ತೀರ್ಪು ಪೂರ್ತಿ ಸಮಾಧಾನ ತಂದಿಲ್ಲ. ಟಿಕೆಟ್ಟಿಲ್ಲದವರು ರಿಸರ್ವ್ ಕೋಚಿನಲ್ಲಿ ರಾತ್ರಿಯಿಡೀ ಓಡಾಡಿದರೆ ತಡೆಯಬೇಕಾದವರು ಯಾರು? ಆದರೂ ಆ ಜಗಳ ವರ್ಷಗಟ್ಟಲೆ ಎಳೆಯುತ್ತದೆ, ಅದಕ್ಕೂ ಮೊದಲು ಕೈಯಲ್ಲಿ ದೂರಿನ ಪ್ರತಿ ಇರಬೇಕು.

ಗದರಿದ್ದು ಜಾಸ್ತಿಯಾಯಿತೇನೋ. ಬ್ಯಾಗು ಹೋದವಳಿಗೇ ಬೈಯುವುದು ದೊಡ್ಡವರ ಕೆಟ್ಟ ಚಾಳಿ. ರಾತ್ರಿ ಪ್ರಯಾಣದಲ್ಲಿ ಕಣ್ಣು ಮುಚ್ಚಿದ್ದು ನಿನ್ನ ತಪ್ಪಲ್ಲ. ಕೆಳಗಿನ ಬರ್ತಿನಡಿ ಬ್ಯಾಗಿಗೆ ಸರಪಳಿ ಬಿಗಿಯಲೆಂದೇ ತಂತಿ ಇರುತ್ತದೆ, ಮುಂದಿನ ಸಲ ಬಳಸು. ಈಗ ತಡವಾಗಿದ್ದರೂ ದೂರು ಕೊಡು. ಬ್ಯಾಗು ಸಿಗದೇ ಹೋದರೂ ಮಾರ್ಕ್ಸ್‌ಕಾರ್ಡಿನ ನಕಲಿಗೆ ಅರ್ಜಿ ಹಾಕುವಾಗ ಪೊಲೀಸ್ ದೂರಿನ ಪ್ರತಿ ಕೇಳುತ್ತಾರೆ. ಒಬ್ಬಳೇ ಠಾಣೆಗೆ ಹೋಗಲು ಮುಜುಗರವಾದರೆ ಹೇಳು, ಜೊತೆಗೆ ಬರುತ್ತೇನೆ.

ಇಂತು,
ನಿನ್ನ ದೊಡ್ಡಪ್ಪ