ಬಾಡಿಗೆ ಮನೆ ಬಿಡುವ ಮುನ್ನ: ಶುಚಿತ್ವ, ಆರೋಗ್ಯ ಮತ್ತು ಅಡ್ವಾನ್ಸ್ ಹಣ

ಶಾಲೆಯ ಪರೀಕ್ಷೆಗಳು ಮುಗಿದು ಬೇಸಿಗೆ ರಜೆ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಬೀದಿಗಳಲ್ಲಿ ಮನೆ ಸಾಮಾನು ಹೊತ್ತ ಗೂಡ್ಸ್ ಆಟೋಗಳು ಕಾಣಿಸುತ್ತವೆ. ವರ್ಗವಾದ ಶಿಕ್ಷಕರು, ಅಂಗಡಿ ಬದಲಿಸಿದ ವ್ಯಾಪಾರಿಗಳು, ಮಕ್ಕಳ ಓದಿಗಾಗಿ ಮೈಸೂರಿಗೆ ಹೊರಟ ಕುಟುಂಬಗಳು ಮನೆ ಬದಲಿಸುವ ಕಾಲವಿದು. ಹೊಸ ಮನೆಗೆ ಅಡ್ವಾನ್ಸ್ ಕೊಡಬೇಕು, ಆ ಹಣವೋ ಹಳೆಯ ಮನೆಯ ಮಾಲೀಕರ ಕೈಯಲ್ಲಿದೆ. ಅದು ಪೂರ್ತಿಯಾಗಿ, ಸಮಯಕ್ಕೆ ಸರಿಯಾಗಿ ಸಿಗದಿದ್ದರೆ ಸಾಲ ಮಾಡಬೇಕಾಗುತ್ತದೆ.

ಆದರೂ ನಮ್ಮಲ್ಲಿ ಹೆಚ್ಚಿನವರು ಮನೆ ತೊಳೆಯುವ ಕೆಲಸವನ್ನು ಕೊನೆಯ ದಿನಕ್ಕೆ ಬಿಡುತ್ತಾರೆ. ಆಗ ಸಮಯ ಸಾಲದೆ ಆಸಿಡ್ ಬಾಟಲಿಗೆ ಕೈ ಹಾಕುತ್ತಾರೆ. ಇದರಿಂದ ನೆಲವೂ ಹಾಳು, ಆರೋಗ್ಯವೂ ಹಾಳು. ಹದಿನೈದು ದಿನ ಮೊದಲೇ ಸೋಪಿನ ನೀರಿನಿಂದ ಆರಂಭಿಸಿದರೆ ಎರಡೂ ಉಳಿಯುತ್ತವೆ.

ಎರಡು ಅಮಾನತ್‌ಗಳು

ಮಾಲೀಕರ ಬಳಿ ಇರುವ ನಿಮ್ಮ ಹಣ ಒಂದು ಅಮಾನತ್. ನಿಮ್ಮ ಬಳಿ ಇರುವ ಅವರ ಮನೆ ಇನ್ನೊಂದು. ಅಮಾನತ್ತನ್ನು ಅದರ ಹಕ್ಕುದಾರರಿಗೆ ಒಪ್ಪಿಸಬೇಕೆಂಬುದು ಸೂರಃ ಅನ್ನಿಸಾದ 58ನೇ ಆಯತ್‌ನ ಆದೇಶ. ದೇಶದ ಕಾನೂನಿನ ಮಾತೂ ಇದಕ್ಕೆ ಹತ್ತಿರವೇ ಇದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಬಾಡಿಗೆದಾರರು ಮನೆಯನ್ನು ತಾವು ಪಡೆದಾಗ ಇದ್ದಷ್ಟೇ ಒಳ್ಳೆಯ ಸ್ಥಿತಿಯಲ್ಲಿ ಹಿಂದಿರುಗಿಸಬೇಕು. ಸಹಜ ಸವೆತಕ್ಕೆ ಮತ್ತು ಯಾರೂ ತಡೆಯಲಾಗದ ಅವಘಡಕ್ಕೆ ಮಾತ್ರ ವಿನಾಯಿತಿ.

ಹಾಗಾದರೆ ಸಹಜ ಸವೆತ ಯಾವುದು? ಬಿಸಿಲಿಗೆ ಮಾಸಿದ ಬಣ್ಣ, ತುಳಿದು ಸವೆದ ಹೊಸಿಲು, ಹಳೆಯದಾಗಿ ಸಡಿಲವಾದ ಬಾಗಿಲ ಚಿಲಕ ಸವೆತ. ಅಡುಗೆಮನೆ ಗೋಡೆಯ ಎಣ್ಣೆ ಜಿಡ್ಡು, ಮಕ್ಕಳು ಗೀಚಿದ ಗೋಡೆ, ಮುರಿದ ನಲ್ಲಿ, ಸಿಂಕಿನ ಮೇಲಿನ ಮೆಹಂದಿ ಕಲೆ ಸವೆತವಲ್ಲ, ಅವು ನಿಮ್ಮ ಹೊಣೆ. ತಾರಸಿ ಸೋರಿ ಗೋಡೆಗೆ ಬಂದ ತೇವ ನಿಮ್ಮ ತಪ್ಪಲ್ಲ. ಆದರೆ ಸೋರಿದಾಗಲೇ ಮಾಲೀಕರಿಗೆ ತಿಳಿಸಿ, ಫೋಟೋ ಕಳುಹಿಸಿರಬೇಕು. ಮನೆ ಬಿಡುವ ದಿನ ಹೇಳಿದರೆ ಯಾರೂ ಒಪ್ಪುವುದಿಲ್ಲ.

ಮೊದಲು ಕರಾರು ಪತ್ರ ಓದಿ

ಬಕೆಟ್ ಹಿಡಿಯುವ ಮುಂಚೆ ಹನ್ನೊಂದು ತಿಂಗಳ ಕರಾರು ಪತ್ರವನ್ನು ಹುಡುಕಿ ಓದಿ. ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದನ್ನು ನೋಡಿ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಷರತ್ತು ಅನೇಕ ಪತ್ರಗಳಲ್ಲಿ ಇರುತ್ತದೆ. ಅದು ಇದ್ದರೆ ನೀವೇ ಸುಣ್ಣಬಣ್ಣ ಮಾಡಿಸಿ ಎರಡು ಬಾರಿ ಖರ್ಚು ಮಾಡಬೇಡಿ. ಗೋಡೆ ಒರೆಸಿ ಬಿಟ್ಟರೆ ಸಾಕು.

ಒಂದು ಲೆಕ್ಕ ನೋಡಿ. ಬಾಡಿಗೆ 5,000, ಅಡ್ವಾನ್ಸ್ 50,000 ರೂಪಾಯಿ ಎಂದಿಟ್ಟುಕೊಳ್ಳಿ. ಪೇಂಟಿಂಗ್‌ಗೆ 5,000, ಶುಚಿಗೊಳಿಸಲು 2,500, ನಲ್ಲಿ ರಿಪೇರಿಗೆ 800, ಬಾಕಿ ಕರೆಂಟ್ ಬಿಲ್ 600 ಎಂದು ಮುರಿದರೆ ಕೈಗೆ ಬರುವುದು 41,100. ಇದರಲ್ಲಿ ಶುಚಿ ಮತ್ತು ನಲ್ಲಿಯ 3,300 ರೂಪಾಯಿಯಲ್ಲಿ ಹೆಚ್ಚಿನ ಭಾಗವನ್ನು ನಿಮ್ಮ ಶ್ರಮದಿಂದಲೇ ಉಳಿಸಬಹುದು.

ಮೇಲಿನಿಂದ ಕೆಳಕ್ಕೆ, ಒಳಗಿನಿಂದ ಹೊರಕ್ಕೆ

ನಮ್ಮ ತಾಲ್ಲೂಕುಗಳ ಮನೆಗಳಲ್ಲಿ ಕಾಣುವ ಕೊಳೆಗೆ ಕಾರಣಗಳು ಮುಖ್ಯವಾಗಿ ನಾಲ್ಕು: ಕೆಮ್ಮಣ್ಣಿನ ಧೂಳು, ಸೌದೆ ಒಲೆಯ ಮಸಿ, ಬೋರ್‌ವೆಲ್ ನೀರಿನ ಬಿಳಿ ಕಲೆ, ಮಳೆಗಾಲದ ಬೂಷ್ಟು. ಒಂದೊಂದಕ್ಕೂ ಬೇರೆ ಬೇರೆ ಉಪಾಯ ಬೇಕು.

ಧೂಳು: ಮೊದಲು ಹೆಂಚು, ತೊಲೆ, ಫ್ಯಾನ್, ಸಜ್ಜಾ. ಕೊನೆಗೆ ನೆಲ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಅಟ್ಟದಲ್ಲಿ ಇಲಿ ಹಿಕ್ಕೆ ಇದ್ದರೆ ಒಣಗಿದಂತೆಯೇ ಗುಡಿಸಬೇಡಿ. ಸೋಂಕುನಿವಾರಕ ಬೆರೆಸಿದ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಕೈಗವಸು ಹಾಕಿಕೊಂಡು ಬಟ್ಟೆಯಿಂದ ತೆಗೆಯಿರಿ. ಇಲಿಯ ಮೂತ್ರದಿಂದ ಇಲಿ ಜ್ವರ ಹರಡುತ್ತದೆ. ಕೈಕಾಲಿನಲ್ಲಿ ಗಾಯ ಇರುವವರು ಈ ಕೆಲಸಕ್ಕೆ ಹೋಗಬಾರದು.

ಮಸಿ ಮತ್ತು ಜಿಡ್ಡು: ಬಿಸಿನೀರಿಗೆ ಪಾತ್ರೆ ಸೋಪು, ಅಡುಗೆ ಸೋಡಾ ಬೆರೆಸಿ ಟೈಲ್ಸ್ ಮತ್ತು ಸ್ಲ್ಯಾಬ್ ಮೇಲೆ ಹಚ್ಚಿ ಹದಿನೈದು ನಿಮಿಷ ಬಿಡಿ. ಆಮೇಲೆ ಉಜ್ಜಿ. ಒಂದೇ ದಿನ ಹೋಗದ ಜಿಡ್ಡು ಮೂರು ದಿನದಲ್ಲಿ ಹೋಗುತ್ತದೆ.

ಬಿಳಿ ಕಲೆ: ಬೋರ್‌ವೆಲ್‌ನ ಗಡಸು ನೀರಿನಿಂದ ನಲ್ಲಿ, ಬಕೆಟ್, ಬಚ್ಚಲ ಟೈಲ್ಸ್ ಮೇಲೆ ಕಟ್ಟುವ ಪದರಕ್ಕೆ ನಿಂಬೆರಸ ಅಥವಾ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಸುತ್ತಿಡಿ. ಆದರೆ ಮಾರ್ಬಲ್, ಮೊಸಾಯಿಕ್, ಸಿಮೆಂಟ್ ಮತ್ತು ರೆಡ್ ಆಕ್ಸೈಡ್ ನೆಲಕ್ಕೆ ಹುಳಿ ತಾಗಿಸಬೇಡಿ. ಹುಳಿಯಾಗಲಿ ಆಸಿಡ್ ಆಗಲಿ ಅಲ್ಲಿರುವ ಸುಣ್ಣದ ಅಂಶವನ್ನು ತಿಂದು ಹೊಳಪನ್ನೇ ತೆಗೆಯುತ್ತದೆ. ಕೊಳೆಯ ನೆಲಕ್ಕೆ ಒಂದು ಬಕೆಟ್ ನೀರು ಸಾಕಿತ್ತು, ಆಸಿಡ್ ತಿಂದ ನೆಲಕ್ಕೆ ಪಾಲಿಶ್ ಖರ್ಚು ಬೀಳುತ್ತದೆ.

ಬೂಷ್ಟು: ಒಣ ಬಟ್ಟೆಯಿಂದ ಒರೆಸಿದರೆ ಬೂಷ್ಟು ಗಾಳಿಗೆ ಹಾರಿ ಉಬ್ಬಸ ಇರುವವರಿಗೆ ತೊಂದರೆಯಾಗುತ್ತದೆ. ಒದ್ದೆ ಬಟ್ಟೆ ಬಳಸಿ. ಕಿಟಕಿ ತೆರೆದು ಗೋಡೆ ಒಣಗಲು ಬಿಡಿ. ಅದಕ್ಕಾಗಿ ಬೀರು, ಮಂಚಗಳನ್ನು ಒಂದು ವಾರ ಮೊದಲೇ ಗೋಡೆಯಿಂದ ಸರಿಸಿ.

ಮೊಳೆ ಹೊಡೆದ ತೂತುಗಳನ್ನು ವೈಟ್ ಸಿಮೆಂಟ್ ಅಥವಾ ಪುಟ್ಟಿಯಿಂದ ಮುಚ್ಚಿ. ಡ್ರಮ್ಮು, ತೊಟ್ಟಿಗಳ ನೀರು ಚೆಲ್ಲಿ, ಒಳಗೋಡೆ ಉಜ್ಜಿ, ಡ್ರಮ್ಮುಗಳನ್ನು ಬೋರಲು ಹಾಕಿ. ಖಾಲಿ ಮನೆಯಲ್ಲಿ ನಿಂತ ನೀರು ಡೆಂಗಿ ಸೊಳ್ಳೆಗೆ ತವರಾಗುತ್ತದೆ, ಪಕ್ಕದ ಮನೆಯ ಮಕ್ಕಳು ಜ್ವರಕ್ಕೆ ಬೀಳುತ್ತಾರೆ. ಹಸಿ ಕಸ, ಒಣ ಕಸ ಬೇರೆ ಮಾಡಿ ಕಸದ ಗಾಡಿಗೆ ಕೊಡಿ. ಹಳೆಯ ಚಾಪೆ, ಪ್ಲಾಸ್ಟಿಕ್ಕನ್ನು ಹಿತ್ತಲಲ್ಲಿ ಸುಡಬೇಡಿ.

ಜೀವಕ್ಕೆ ಅಪಾಯ ತರುವ ತಪ್ಪುಗಳು

ಈ ಭಾಗವನ್ನು ಮನೆಯ ಎಲ್ಲರಿಗೂ ಓದಿ ಹೇಳಿ. ಬ್ಲೀಚಿಂಗ್ ಪುಡಿಯನ್ನು ಟಾಯ್ಲೆಟ್ ಆಸಿಡ್ ಜೊತೆ ಎಂದಿಗೂ ಬೆರೆಸಬೇಡಿ. ಒಂದನ್ನು ಹಾಕಿ ಪೂರ್ತಿ ತೊಳೆಯದೆ ಇನ್ನೊಂದನ್ನು ಸುರಿಯುವುದೂ ಬೆರೆಸಿದಂತೆಯೇ. ಅವು ಸೇರಿದಾಗ ಕ್ಲೋರಿನ್ ಅನಿಲ ಹೊರಡುತ್ತದೆ. ಬಾಗಿಲು ಮುಚ್ಚಿದ ಸಣ್ಣ ಬಚ್ಚಲಲ್ಲಿ ಅದು ಶ್ವಾಸಕೋಶವನ್ನು ಸುಡಬಲ್ಲದು. ಕಣ್ಣು ಉರಿ, ಕೆಮ್ಮು, ಎದೆ ಬಿಗಿತ ಕಂಡರೆ ಕೆಲಸ ಬಿಟ್ಟು ತಕ್ಷಣ ಬಯಲಿಗೆ ಬನ್ನಿ. ಕಣ್ಣಿಗೆ ತಾಗಿದ್ದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ಉಸಿರಾಟ ಕಷ್ಟವಾದರೆ 108ಕ್ಕೆ ಕರೆ ಮಾಡಿ, ತಾಲ್ಲೂಕು ಆಸ್ಪತ್ರೆಗೆ ಹೋಗಿ.

ಗರ್ಭಿಣಿಯರು, ಉಬ್ಬಸದವರು, ಚಿಕ್ಕ ಮಕ್ಕಳು ಆ ಹೊತ್ತಿಗೆ ಮನೆಯಲ್ಲಿರಬಾರದು. ಆಸಿಡ್ಡನ್ನು ನೀರಿನ ಅಥವಾ ಜ್ಯೂಸ್ ಬಾಟಲಿಗೆ ತುಂಬಿಡಬೇಡಿ. ಸಾಮಾನು ಚೆಲ್ಲಾಪಿಲ್ಲಿಯಾಗಿರುವ ಮನೆಯಲ್ಲಿ ಮಗು ಅದನ್ನು ಕುಡಿದುಬಿಡಬಹುದು. ನೆಲದಡಿಯ ಸಂಪ್‌ಗೆ ಒಬ್ಬರೇ ಇಳಿಯಬೇಡಿ, ಅದರೊಳಗೆ ಆಸಿಡ್, ಬ್ಲೀಚಿಂಗ್ ಬಳಸಬೇಡಿ. ಮುಚ್ಚಿದ ಸಂಪ್‌ನಲ್ಲಿ ಉಸಿರಾಡಲು ಸಾಕಷ್ಟು ಗಾಳಿ ಇರದೇ ಹೋಗಬಹುದು. ಸುಣ್ಣ ಕಲಸುವಾಗ ಅದು ಕುದಿದು ಚಿಮ್ಮುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ದೂರ ಇರಲಿ.

ಬೀಗದ ಕೈ ಕೊಡುವ ದಿನ

ಸಾಮಾನು ಸಾಗಿಸಿದ ಮೇಲೆ ಖಾಲಿ ಮನೆಯನ್ನು ಕೊಠಡಿಗೊಂದರಂತೆ ಹಗಲು ಬೆಳಕಿನಲ್ಲಿ ವಿಡಿಯೋ ಮಾಡಿ. ಆರ್‌ಆರ್ ನಂಬರ್ ಕಾಣುವಂತೆ ಕರೆಂಟ್ ಮೀಟರಿನ ಫೋಟೋ ತೆಗೆಯಿರಿ. ಸೆಸ್ಕ್‌ನ ಕೊನೆಯ ಬಿಲ್, ನಗರಸಭೆ ಅಥವಾ ಪುರಸಭೆಯ ನೀರಿನ ಬಿಲ್ ಕಟ್ಟಿದ ರಸೀದಿ ಇಟ್ಟುಕೊಳ್ಳಿ. ಮಾಲೀಕರನ್ನು ಕರೆದು ಜೊತೆಯಲ್ಲೇ ಮನೆ ತೋರಿಸಿ. ಅವರು ಬೆರಳು ತೋರಿಸಿದ್ದನ್ನು ಅಲ್ಲೇ ಒರೆಸಿ ಮುಗಿಸಿ. ಕಡಿತವಿದ್ದರೆ ಯಾವುದಕ್ಕೆ ಎಷ್ಟು ಎಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಕೊಡುಕೊಳ್ಳುವಿಕೆಯನ್ನು ಸಾಕ್ಷಿ ಸಮೇತ ಬರೆದಿಡಬೇಕೆಂಬ ಕುರ್‌ಆನಿನ ಪಾಠ ಇಲ್ಲಿಗೂ ಅನ್ವಯಿಸುತ್ತದೆ. ಹಣ ಕೈಸೇರಿದ ಮೇಲೆ ಬೀಗದ ಕೈ ಒಪ್ಪಿಸಿ ಕರಾರು ಪತ್ರ ಹಿಂಪಡೆಯಿರಿ.

ನ್ಯಾಯವಾದ ಹಣ ಬರದಿದ್ದರೆ ಜಗಳಕ್ಕಿಳಿಯಬೇಡಿ. ಮೊದಲು ಇಬ್ಬರಿಗೂ ಬೇಕಾದ ಹಿರಿಯರನ್ನು ಕೂರಿಸಿ ಮಾತನಾಡಿ. ಅದೂ ಆಗದಿದ್ದರೆ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಆಗ ನಿಮ್ಮ ವಿಡಿಯೋ ಮತ್ತು ರಸೀದಿಗಳೇ ನಿಮ್ಮ ಪರ ಸಾಕ್ಷಿ.

ನಮ್ಮವರಿಗೆ ಬಾಡಿಗೆ ಮನೆ ಸಿಗುವುದು ಎಷ್ಟು ಕಷ್ಟ ಎಂಬುದು ಮನೆ ಹುಡುಕಿದ ಪ್ರತಿಯೊಬ್ಬರಿಗೂ ಗೊತ್ತು. ನೀವು ಬಿಟ್ಟುಹೋದ ಮನೆಯನ್ನು ನೋಡಿಯೇ ಮಾಲೀಕರು ಮುಂದೆ ಬರುವ ಕುಟುಂಬಕ್ಕೆ ಹೌದು ಅಥವಾ ಇಲ್ಲ ಎನ್ನುತ್ತಾರೆ. ತೊಳೆದು ಒಣಗಿಸಿದ ಅಡುಗೆಮನೆ, ವಾಸನೆ ಇಲ್ಲದ ಬಚ್ಚಲು ನಿಮ್ಮ ಅಡ್ವಾನ್ಸ್ ತಂದುಕೊಡುವುದಲ್ಲದೆ ಇನ್ನೊಂದು ಕುಟುಂಬಕ್ಕೆ ಬಾಗಿಲನ್ನೂ ತೆರೆಯುತ್ತದೆ.